ಜಾವಾ, ಯೆಜ್ಡಿಗೆ ಯಾವ ಹಳೇ ಹೆಡ್ ಕೂರಿಸಬೇಕು? ಕಂಪ್ರೆಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಿದ್ದ ಗಾಡಿಗಳು ಇವತ್ತಿಗೂ ಮೈಸೂರು, ಮಂಡ್ಯ, ಪಾಂಡವಪುರದ ರಸ್ತೆಗಳಲ್ಲಿ ಓಡುತ್ತಿವೆ. ಇವುಗಳ ಬಿಡಿಭಾಗಗಳಲ್ಲಿ ಜನ ಹೆಚ್ಚು ಹುಡುಕುವುದು ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ಡನ್ನು, ಹೆಚ್ಚು ಹಾಳುಮಾಡುವುದೂ ಅದನ್ನೇ. ಟೀ ಅಂಗಡಿ ಮುಂದೆ, ಲೇತ್ ಶಾಪಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಲೆಕ್ಕಗಳು 65 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ), 75 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಓಡಾಡುವ ಉದ್ದ) 250 ಸಿಸಿ ಟೂ ಸ್ಟ್ರೋಕ್ ಎಂಜಿನ್ನಿನವು. ಬೇರೆ ಗಾಡಿಯದ್ದಾದರೆ ಅಲ್ಲೇ ಹೇಳಿದ್ದೇನೆ. ಇದೆಲ್ಲ ದಿನಾ ರಸ್ತೆಯಲ್ಲಿ ಓಡಿಸುವ ಗಾಡಿಗೆ ಹೇಳಿದ ಮಾತು. ರೇಸಿನ ಗಾಡಿಯ ಲೆಕ್ಕ ಬೇರೆ.

## ಶುರುವಿಗೆ

ಕಂಪ್ರೆಷನ್ ರೇಷಿಯೋ ಅಂದ್ರೆ ನಿಜವಾಗಿ ಏನು ಸರ್? ಹೆಡ್ಡಿಗೂ ಅದಕ್ಕೂ ಏನು ಸಂಬಂಧ?

ಪಿಸ್ಟನ್ ಕೆಳಗಿದ್ದಾಗ ಅದರ ಮೇಲೆ ಒಟ್ಟು ಎಷ್ಟು ಜಾಗ ಇದೆ, ಪಿಸ್ಟನ್ ತುತ್ತತುದಿಗೆ ಬಂದಾಗ ಎಷ್ಟು ಜಾಗ ಉಳಿಯುತ್ತದೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ರೇಷಿಯೋ. 65 ಬೋರ್, 75 ಸ್ಟ್ರೋಕಿಗೆ ಪಿಸ್ಟನ್ ಓಡಾಡುವ ಜಾಗ ಸುಮಾರು 248.9 ಸಿಸಿ. ಅದು ಬದಲಾಗುವುದಿಲ್ಲ. ಬದಲಾಗುವುದು ಮೇಲೆ ಉಳಿಯುವ ಜಾಗ. ಅದರ ಬಹುಪಾಲು ಇರುವುದು ಹೆಡ್ಡಿನ ಬೋಗುಣಿಯಲ್ಲಿ.

ಉಳಿದ ಜಾಗ 38.3 ಸಿಸಿ ಇದ್ದರೆ ರೇಷಿಯೋ 7.5. ಅದೇ 35.5 ಸಿಸಿ ಆದರೆ 8. 31.1 ಆದರೆ 9. 27.7ಕ್ಕೆ ಇಳಿದರೆ 10. ಏಳೂವರೆಯಿಂದ ಎಂಟಕ್ಕೆ ಹೋಗಲು ಮೂರು ಸಿಸಿಗಿಂತ ಕಡಿಮೆ ಸಾಕು, ಅಂದರೆ ಅರ್ಧ ಟೀ ಚಮಚಕ್ಕಿಂತ ಒಂದಿಷ್ಟು ಜಾಸ್ತಿ. ನೋಡಲು ಒಂದೇ ಥರ ಇರುವ ಎರಡು ಹೆಡ್‌ಗಳ ನಡುವೆ ಇಷ್ಟು ವ್ಯತ್ಯಾಸ ಇರುವುದು ತೀರಾ ಸಾಮಾನ್ಯ. ಕಣ್ಣಳತೆ ಇಲ್ಲಿ ನಡೆಯದು.

ಹೆಡ್ ಕಟಿಂಗ್ ಮಾಡಿಸಿದ್ರೆ ಪಿಕಪ್ ಜಾಸ್ತಿ ಆಗುತ್ತಂತೆ. ಎಷ್ಟು ಮಾಡಿಸಲಿ?

ಪಿಕಪ್ ಒಂದಿಷ್ಟು ಜಾಸ್ತಿ ಆಗುವುದು ನಿಜ. ಆದರೆ ಜನ ಅಂದುಕೊಂಡಷ್ಟು ಆಗುವುದಿಲ್ಲ. ರೇಷಿಯೋ 7ರಿಂದ 8ಕ್ಕೆ ಹೋದರೆ ಪುಸ್ತಕದ ಲೆಕ್ಕದಲ್ಲಿ ಸಿಗುವ ಲಾಭ ನೂರಕ್ಕೆ ನಾಲ್ಕು ಚಿಲ್ಲರೆ. 8ರಿಂದ 9ಕ್ಕೆ ಹೋದರೆ ಮೂರೂವರೆ. 9ರಿಂದ 10ಕ್ಕೆ ಮೂರಕ್ಕೂ ಕಡಿಮೆ. ಮೇಲೆ ಹೋದಷ್ಟೂ ಲಾಭ ಸಣ್ಣದಾಗುತ್ತದೆ, ಬಿಸಿ ಮತ್ತು ನಾಕಿಂಗ್ (ಒತ್ತಡಕ್ಕೆ ಪೆಟ್ರೋಲ್ ತಾನಾಗಿ ಸಿಡಿಯುವುದು) ದೊಡ್ಡದಾಗುತ್ತವೆ. ಕಬ್ಬಿಣದ ಸಿಲಿಂಡರ್, ಗಾಳಿಯಿಂದಲೇ ತಣಿಯಬೇಕಾದ ಎಂಜಿನ್, ಮೂವತ್ತು ನಲವತ್ತು ವರ್ಷ ಓಡಿದ ಕ್ರ್ಯಾಂಕು ಇರುವ ಗಾಡಿಗೆ 7.5ರಿಂದ 8.5ರ ಒಳಗೆ ಇರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನನ್ನ ಎರಡೂ ಗಾಡಿಗಳು ಎಂಟರ ಆಸುಪಾಸಿನಲ್ಲೇ ಇವೆ.

"ಎಷ್ಟು ಮಾಡಿಸಲಿ" ಎಂಬುದಕ್ಕೆ ಅಳೆಯದೆ ಉತ್ತರ ಕೊಡಲು ಬರುವುದಿಲ್ಲ. ಲೆಕ್ಕ ಮಾತ್ರ ಹೇಳಬಲ್ಲೆ: ಹೆಡ್ಡಿನ ಮುಖದಿಂದ ಒಂದು ಮಿ.ಮೀ. ತೆಗೆದರೆ ಸುಮಾರು 3.3 ಸಿಸಿ ಕಡಿಮೆಯಾಗುತ್ತದೆ. ಎಂಟು ಇದ್ದದ್ದು ಎಂಟೂ ಮುಕ್ಕಾಲಿನ ಹತ್ತಿರ ಹೋಗುತ್ತದೆ.

ಗುಜರೀಲಿ ಒಂದು ಹೆಡ್ ಸಿಕ್ಕೈತೆ. ತಗೊಳ್ಳೋಕ್ ಮುಂಚೆ ಏನೇನ್ ನೋಡ್ಬೇಕು?

ಮೊದಲು ಪ್ಲಗ್ಗಿನ ಥ್ರೆಡ್. ಜೇಬಿನಲ್ಲಿ ಒಂದು ಹಳೇ ಪ್ಲಗ್ ಇಟ್ಟುಕೊಂಡೇ ಹೋಗಿ. ಬೆರಳಿನಲ್ಲಿ ತಿರುಗಿಸಿದರೆ ಕೊನೆಯವರೆಗೂ ಅಲ್ಲಾಡದೆ ಹೋಗಬೇಕು. ಥ್ರೆಡ್ ಹೋಗಿ ಬುಶ್ ಹಾಕಿದ ಹೆಡ್ ಎಂದರೆ ಬಿಟ್ಟುಬಿಡಬೇಕಿಲ್ಲ, ನೀಟಾಗಿ ಹಾಕಿದ್ದರೆ ಬಾಳಿಕೆ ಬರುತ್ತದೆ. ಆದರೆ ಬುಶ್ಶಿನ ಅಂಚು ಬೋಗುಣಿಯೊಳಗೆ ಚಾಚಿಕೊಂಡಿದ್ದರೆ ಅದು ಕೆಂಡದ ಹಾಗೆ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ.

ಆಮೇಲೆ ಬೋಗುಣಿಯನ್ನು ಬಿಸಿಲಿಗೆ ಹಿಡಿದು ನೋಡಿ. ಮಸಿ ಇದ್ದರೆ ಉಗುರಿನಲ್ಲಿ ಕೆರೆಯಿರಿ. ಅಂಚಿನಲ್ಲಿ, ಅದರಲ್ಲೂ ಸೈಲೆನ್ಸರ್ ಬಾಗಿಲಿನ (ಹೊಗೆ ಹೊರಹೋಗುವ ಪೋರ್ಟ್) ಕಡೆ, ಇರುವೆ ಕಡಿದ ಹಾಗೆ ಸಣ್ಣ ಸಣ್ಣ ಗುಂಡಿಗಳಿದ್ದರೆ ಆ ಹೆಡ್ ಹಿಂದಿನ ಜನ್ಮದಲ್ಲಿ ನಾಕಿಂಗ್ ತಿಂದಿದೆ. ಗುಂಡಿ ಆಳವಿಲ್ಲದಿದ್ದರೆ ಲೇತಿನಲ್ಲಿ ಸವರಿದರೆ ಹೋಗುತ್ತದೆ, ಬೆಲೆ ಇಳಿಸಿ ಕೇಳಬಹುದು.

ಮೂರನೆಯದು, ಹಿಂದಿನವರು ಎಷ್ಟು ಕತ್ತರಿಸಿದ್ದಾರೆ ಎಂಬುದು. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಕೆಳಗಿನ ಮೊದಲ ಫಿನ್ನಿಗೂ (ಗಾಳಿಗೆ ತಣಿಯುವ ರೆಕ್ಕೆ) ಹೆಡ್ಡಿನ ಮುಖಕ್ಕೂ ಇರುವ ಅಂತರವನ್ನು ವರ್ನಿಯರಿನಲ್ಲಿ ಅಳೆಯಿರಿ. ಅಂಗಡಿಯಲ್ಲಿ ಅದೇ ಮಾಡೆಲಿನ ಇನ್ನೊಂದು ಹೆಡ್ ಇದ್ದರೆ ಎರಡನ್ನೂ ಹೋಲಿಸಿ. ಒಂದರಲ್ಲಿ ಅಂತರ ಒಂದೂವರೆ ಮಿ.ಮೀ. ಕಡಿಮೆ ಇದ್ದರೆ ಅದು ಈಗಾಗಲೇ ಒಂದೆರಡು ಸಲ ಲೇತ್ ಹತ್ತಿ ಬಂದಿದೆ ಎಂದರ್ಥ. ಕಾರ್ಖಾನೆಯಲ್ಲಿ ಕೆತ್ತಿದ ಮುಖದ ಗೆರೆಗಳು ಸಣ್ಣವು, ಸಮನಾದವು; ಬೀದಿಬದಿಯ ಫೇಸಿಂಗ್ ಗೆರೆಗಳು ಬೆರಳಿಗೆ ಸಿಗುತ್ತವೆ.

ಫಿನ್ ಒಂದೆರಡು ಮುರಿದಿದ್ದರೆ ಚಿಂತೆ ಬೇಡ. ಸ್ಟಡ್ ತೂತಿನಿಂದ ಬಿರುಕು ಹೊರಟಿದ್ದರೆ ಮಾತ್ರ ದುಡ್ಡು ಕೊಡಬೇಡಿ.

ನನ್ನ ಹತ್ರ ಹಳೇ ಜಾವಾ ಇದೆ. ರೋಡ್‌ಕಿಂಗ್ ಹೆಡ್ ಕೂರಿಸಬಹುದಾ? ಎರಡೂ 250 ತಾನೆ?

ಎರಡೂ 65 ಬೋರ್ ಎಂದ ಮಾತ್ರಕ್ಕೆ ಹೆಡ್ ಅದಲು ಬದಲು ಆಗುತ್ತದೆ ಎಂದುಕೊಳ್ಳಬೇಡಿ. ಮೂರು ಅಳತೆ ತಾಳೆಯಾಗಬೇಕು. ಸ್ಟಡ್ ತೂತುಗಳ ನಡುವಿನ ದೂರ ಒಂದು. ಹೆಡ್ ಮತ್ತು ಸಿಲಿಂಡರ್ ಒಂದರೊಳಗೊಂದು ಕೂರುವ ಮೆಟ್ಟಿಲು, ಗ್ಯಾಸ್ಕೆಟ್ ಜಾಗ ಎರಡನೆಯದು. ಪಿಸ್ಟನ್ ತಲೆಯ ಉಬ್ಬಿಗೂ ಹೆಡ್ಡಿನ ಅಂಚಿನ ಇಳಿಜಾರಿಗೂ ಹೊಂದಾಣಿಕೆ ಮೂರನೆಯದು. ತೂತು ಸ್ವಲ್ಪ ದೊಡ್ಡದು ಮಾಡಿ ಕೂರಿಸಿದವರನ್ನು ನೋಡಿದ್ದೇನೆ. ಆಗ ಹೆಡ್ ಒಂದು ಕಡೆ ಸರಿದು ಕೂರುತ್ತದೆ, ಬೋಗುಣಿಯ ಅಂಚು ಬೋರಿನೊಳಗೆ ಉಗುರಿನಷ್ಟು ಇಣುಕುತ್ತದೆ, ಪಿಸ್ಟನ್ ಬಂದು ಅಲ್ಲಿಗೇ ತಾಗುತ್ತದೆ. ನಿಮ್ಮ ಮಾಡೆಲಿನದೇ ಹೆಡ್ ಹುಡುಕುವುದು ನಿಧಾನದ ಕೆಲಸವಾದರೂ ಕೊನೆಗೆ ಅದೇ ಅಗ್ಗವಾಗುತ್ತದೆ.

2018ರ ನಂತರ ಬಂದ ಹೊಸ ಜಾವಾಗೂ ಇದೇ ಲೆಕ್ಕಾನಾ?

ಅಲ್ಲ. ಅವು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್ನುಗಳು. ಹೆಡ್ಡಿನಲ್ಲಿ ವಾಲ್ವ್, ಕ್ಯಾಮ್ ಎಲ್ಲ ಇವೆ. ಇಲ್ಲಿ ಹೇಳಿದ ಯಾವುದನ್ನೂ ಅವಕ್ಕೆ ಪ್ರಯೋಗ ಮಾಡಬೇಡಿ.

## ಅಳತೆಯ ಪ್ರಶ್ನೆಗಳು

ಮನೇಲೇ ಸಿಸಿ ಅಳೆಯೋದು ಹೇಗೆ? ಬ್ಯೂರೆಟ್ ಎಲ್ಲಾ ನಮ್ಮ ಹತ್ರ ಇಲ್ಲ.

ಬ್ಯೂರೆಟ್ ಬೇಕಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ 20 ಎಂಎಲ್ ಸಿರಿಂಜ್ ಒಂದು, 5 ಎಂಎಲ್ ಸಿರಿಂಜ್ ಒಂದು ಸಾಕು. ಸೀಮೆಎಣ್ಣೆ ಸಿಕ್ಕರೆ ಅದಕ್ಕೆ, ಇಲ್ಲದಿದ್ದರೆ ಡೀಸೆಲಿಗೆ, ಅರ್ಧಕ್ಕರ್ಧ ಟೂ-ಟಿ ಆಯಿಲ್ ಬೆರೆಸಿಕೊಳ್ಳಿ. ಬರೀ ಎಣ್ಣೆಯಾದರೆ ಗುಳ್ಳೆ ಹಿಡಿದುಕೊಳ್ಳುತ್ತದೆ, ಬರೀ ಸೀಮೆಎಣ್ಣೆಯಾದರೆ ರಿಂಗಿನ ಸಂದಿಯಲ್ಲಿ ಸೋರಿಹೋಗುತ್ತದೆ.

ಸಿಲಿಂಡರ್, ಪಿಸ್ಟನ್, ಗ್ಯಾಸ್ಕೆಟ್, ಹೆಡ್ ಎಲ್ಲವೂ ಗಾಡಿಯಲ್ಲಿ ಹೇಗೆ ಕೂರುತ್ತವೋ ಹಾಗೇ ಕೂರಿಸಿ ಅಳೆಯುವುದು ಉತ್ತಮ. ಹೆಡ್ ಬಿಚ್ಚಿ, ಪಿಸ್ಟನ್ ಮೇಲಕ್ಕೆ ತಂದು, ಅದರ ಅಂಚಿಗೂ ಬೋರಿಗೂ ನಡುವೆ ತೆಳುವಾಗಿ ಗ್ರೀಸ್ ಒತ್ತಿ. ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ಹೆಡ್ ಬಿಗಿಯಿರಿ. ಪ್ಲಗ್ ತೂತು ನೇರ ಮೇಲಕ್ಕೆ ಬರುವಂತೆ ಗಾಡಿಯನ್ನು ವಾಲಿಸಿ, ಯಾರನ್ನಾದರೂ ಹಿಡಿದುಕೊಳ್ಳಲು ಹೇಳಿ. ಸಿರಿಂಜಿನಿಂದ ನಿಧಾನವಾಗಿ ಬಿಡುತ್ತಾ ಹೋಗಿ. ಕೊನೆಯ ಐದು ಎಂಎಲ್ ಸಣ್ಣ ಸಿರಿಂಜಿನಿಂದ. ಹ್ಯಾಂಡಲ್ ಹಿಡಿದು ಗಾಡಿಯನ್ನು ಸ್ವಲ್ಪ ಅಲ್ಲಾಡಿಸಿದರೆ ಗುಳ್ಳೆಗಳು ಮೇಲೆ ಬಂದು, ಎಣ್ಣೆ ಮತ್ತೆ ಒಂದಿಷ್ಟು ಕೆಳಗಿಳಿಯುತ್ತದೆ. ಅದನ್ನೂ ತುಂಬಿಸಿ.

ಪ್ಲಗ್ ಕೂರುವ ಅಂಚಿನವರೆಗೆ ತುಂಬಿಸಿದ್ದರೆ, ಪ್ಲಗ್ ಆಕ್ರಮಿಸುವ ಜಾಗವನ್ನು ಕಳೆಯಬೇಕು. 14 ಮಿ.ಮೀ. ಥ್ರೆಡ್, 12.7 ಮಿ.ಮೀ. ಉದ್ದದ ಗಿಡ್ಡ ಪ್ಲಗ್ಗಿಗೆ ಅದು ಸುಮಾರು 1.9 ಸಿಸಿ. ಒಟ್ಟು 37.4 ಎಂಎಲ್ ಹಿಡಿದರೆ ನಿಜವಾದ ಜಾಗ 35.5. ಮೂರು ಸಲ ಅಳೆಯಿರಿ. ಮೂರೂ ಅರ್ಧ ಸಿಸಿಯೊಳಗೆ ಬಂದರೆ ನಂಬಬಹುದು. ಮೊದಲನೆಯದು 36, ಎರಡನೆಯದು 38, ಮೂರನೆಯದು 39 ಹೀಗೆ ಏರುತ್ತಿದ್ದರೆ ಎಲ್ಲೋ ಸೋರುತ್ತಿದೆ. ಗ್ರೀಸ್ ತೆಗೆದು ಮೊದಲಿಂದ ಶುರುಮಾಡಿ. ಅಳತೆ ಮುಗಿದ ಮೇಲೆ ಹೆಡ್ ಬಿಚ್ಚಿ ಎಲ್ಲ ಒರೆಸಿ. ಎಣ್ಣೆ ತುಂಬಿದ ಹಾಗೇ ಕಿಕ್ ಹೊಡೆದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕಾನ್ ರಾಡ್ ಬಾಗುತ್ತದೆ.

ಸ್ಕ್ವಿಶ್ ಅಂತಾರಲ್ಲ, ಅದು ರೇಸಿನವರಿಗೆ ಮಾತ್ರ ಅಲ್ವಾ?

ಹಳೇ ಹೆಡ್ ಆರಿಸುವಾಗ ರೇಷಿಯೋಗಿಂತ ಮೊದಲು ನೋಡಬೇಕಾದದ್ದು ಇದನ್ನೇ ಎಂದು ನಾನು ಬಲವಾಗಿ ನಂಬಿದ್ದೇನೆ. ಹೆಡ್ಡಿನ ನಡುವೆ ಬೋಗುಣಿ ಇರುತ್ತದೆ, ಸುತ್ತ ಅಂಚಿನಲ್ಲಿ ಪಿಸ್ಟನ್ ತಲೆಗೆ ಹತ್ತಿರ ಬರುವ ಒಂದು ಪಟ್ಟಿ ಇರುತ್ತದೆ. ಪಿಸ್ಟನ್ ಮೇಲೆ ಬಂದಾಗ ಆ ಪಟ್ಟಿಯ ಕೆಳಗಿನ ಪೆಟ್ರೋಲ್ ಗಾಳಿ ನಡುವಿನ ಬೋಗುಣಿಗೆ ಚಿಮ್ಮುತ್ತದೆ, ಅಲ್ಲಿ ಕಲಕಿಕೊಳ್ಳುತ್ತದೆ, ಬೇಗ ಉರಿಯುತ್ತದೆ. ಅಂಚಿನಲ್ಲಿ ಉಳಿದ ಚೂರುಪಾರು ಗಾಳಿ ಎರಡು ಲೋಹದ ನಡುವೆ ತೆಳ್ಳಗೆ ಸಿಕ್ಕಿಕೊಂಡು ತಣ್ಣಗಿರುತ್ತದೆ, ತಾನಾಗಿ ಹತ್ತಿಕೊಳ್ಳುವುದಿಲ್ಲ.

ಆ ಪಟ್ಟಿಗೂ ಪಿಸ್ಟನ್ನಿಗೂ ನಡುವಿನ ಅಂತರಕ್ಕೇ ಸ್ಕ್ವಿಶ್ ಎನ್ನುವುದು. ಅದು ಎರಡೂವರೆ ಮೂರು ಮಿ.ಮೀ. ಇದ್ದರೆ ಎರಡೂ ಲಾಭ ಹೋಯಿತು. ಗಾಳಿ ಚಿಮ್ಮುವುದಿಲ್ಲ, ಅಂಚಿನಲ್ಲಿ ಅವಿತು ಕೂರುತ್ತದೆ. ಬೆಂಕಿ ಅಲ್ಲಿಗೆ ಹೋಗುವಷ್ಟರಲ್ಲಿ ಒತ್ತಡ ತಡೆಯಲಾರದೆ ತಾನೇ ಸಿಡಿಯುತ್ತದೆ. ಅದೇ ನಾಕಿಂಗ್.

ನನ್ನ ಬೆಂಚಿನ ಮೇಲೆ ಬಂದ ಎರಡು ಹೆಡ್ ಹೇಳುತ್ತೇನೆ. ಒಂದೇ ಸಿಲಿಂಡರ್, ಒಂದೇ ಪಿಸ್ಟನ್. ಮೊದಲನೆಯದರಲ್ಲಿ ಉಳಿದ ಜಾಗ 36 ಸಿಸಿ, ರೇಷಿಯೋ 7.9, ಸ್ಕ್ವಿಶ್ 2.4 ಮಿ.ಮೀ. ಎರಡನೆಯದರಲ್ಲಿ 33 ಸಿಸಿ, ರೇಷಿಯೋ 8.5, ಸ್ಕ್ವಿಶ್ 1.2. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೂರನೇ ಗೇರಿನಲ್ಲಿ ಎಳೆಸಿದರೆ, ನಾಕ್ ಮಾಡಿದ್ದು ರೇಷಿಯೋ ಕಡಿಮೆ ಇದ್ದ ಮೊದಲನೆಯದು. ಎರಡನೆಯದು ಸದ್ದಿಲ್ಲದೆ ಹತ್ತಿತು.

ಅಳೆಯಲು ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಸೋಲ್ಡರ್ ತಂತಿ ಸಾಕು. ಎರಡು ಮೂರು ಮಿ.ಮೀ. ದಪ್ಪದ್ದು. ಪ್ಲಗ್ ತೂತಿನಿಂದ ತೂರಿಸಿ, ತುದಿ ಬೋರಿನ ಗೋಡೆಗೆ ತಾಗುವಂತೆ ಹಿಡಿದು, ಕಿಕ್ ಅನ್ನು ಕೈಯಲ್ಲಿ ಒತ್ತಿ ಪಿಸ್ಟನ್ ಒಂದು ಸಲ ಮೇಲೆ ಹೋಗಿ ಬರುವಂತೆ ಮಾಡಿ. ತಂತಿಯ ತುದಿ ಚಪ್ಪಟೆಯಾಗುತ್ತದೆ, ಅದರ ದಪ್ಪವೇ ಸ್ಕ್ವಿಶ್. ಗಜನ್ ಪಿನ್ (ಪಿಸ್ಟನ್ನನ್ನು ಕಾನ್ ರಾಡಿಗೆ ಸೇರಿಸುವ ಪಿನ್) ಇರುವ ಸಾಲಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಅಳೆಯಿರಿ. ಹಿಂದೆ ಮುಂದೆ ಅಳೆದರೆ ಪಿಸ್ಟನ್ ವಾಲಿ ತಪ್ಪು ಲೆಕ್ಕ ಬರುತ್ತದೆ. ಎಡ ಬಲದಲ್ಲಿ 0.2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹೆಡ್ಡಿನ ಮುಖ ಸೊಟ್ಟ ಇದೆ, ಇಲ್ಲವೇ ಕಾನ್ ರಾಡ್ ಬಾಗಿದೆ.

ರಸ್ತೆ ಗಾಡಿಗೆ 1.1ರಿಂದ 1.3 ಇಟ್ಟುಕೊಳ್ಳಿ. ಒಂದಕ್ಕಿಂತ ಕಡಿಮೆ ಬೇಡ. ಹಳೇ ಬಿಗ್ ಎಂಡ್ (ಕಾನ್ ರಾಡಿನ ಕೆಳತುದಿಯ ಬೇರಿಂಗ್) ಸ್ವಲ್ಪ ಸವೆದಿದ್ದರೆ ಪಿಸ್ಟನ್ ಹೋಗಿ ಹೆಡ್ಡಿಗೆ ಬಡಿಯುತ್ತದೆ.

ಸ್ಕ್ವಿಶ್ ಕಡಿಮೆ ಮಾಡಕ್ಕೆ ಹೋದ್ರೆ ರೇಷಿಯೋ ಏರುತ್ತಲ್ಲ, ಅದಕ್ಕೇನು ಮಾಡೋದು?

ಮುಖ ಕತ್ತರಿಸಿ, ಆಮೇಲೆ ಬೋಗುಣಿಯನ್ನು ಅಗಲಿಸಿ. ಹಿಂದೆ ಹೇಳಿದ 36 ಸಿಸಿ ಹೆಡ್ಡನ್ನೇ ತೆಗೆದುಕೊಳ್ಳಿ. 2.4 ಇದ್ದ ಸ್ಕ್ವಿಶ್ 1.2ಕ್ಕೆ ಬರಲು 1.2 ಮಿ.ಮೀ. ತೆಗೆಯಬೇಕು. ನಾಲ್ಕು ಸಿಸಿ ಹೋಗಿ 32 ಉಳಿಯಿತು, ರೇಷಿಯೋ 8.8. ಈಗ ಟರ್ನರಿಗೆ ಹೇಳಿ ಬೋಗುಣಿಯ ನಡುವಿನಿಂದ ಎರಡೂವರೆ ಸಿಸಿ ತೆಗೆಸಿದರೆ 34.5 ಆಯಿತು, ರೇಷಿಯೋ 8.2. ಸ್ಕ್ವಿಶ್ ಬಿಗಿಯಾಯಿತು, ಒತ್ತಡವೂ ಹತೋಟಿಯಲ್ಲಿ ಉಳಿಯಿತು.

ಲೇತಿನವರಿಗೆ ಬಾಯಲ್ಲಿ ಹೇಳಿ ಬರಬೇಡಿ. ಕಾಗದದಲ್ಲಿ ಚಿತ್ರ ಬರೆದು, ಅಳತೆ ಹಾಕಿ, ಪಿಸ್ಟನ್ ಕೂಡ ಜೊತೆಗೆ ಕೊಟ್ಟು ಬನ್ನಿ. ಪಟ್ಟಿಯ ಇಳಿಜಾರು ಪಿಸ್ಟನ್ ತಲೆಯ ಉಬ್ಬಿಗೆ ಹೊಂದಬೇಕು. ಹೊರ ಅಂಚಿನಲ್ಲಿ 1.2 ಇದ್ದು ಒಳ ಅಂಚಿನಲ್ಲಿ 0.7 ಇದ್ದರೆ ಅಲ್ಲಿ ಸಿಕ್ಕಿದ ಗಾಳಿಗೆ ಹೋಗಲು ದಾರಿಯೇ ಇರುವುದಿಲ್ಲ. ಇನ್ನು ಕೆಲವು ಹಳೇ ಹೆಡ್‌ಗಳಲ್ಲಿ ಪಟ್ಟಿಯೇ ಇರುವುದಿಲ್ಲ, ಪೂರ್ತಿ ಒಂದೇ ಬೋಗುಣಿ. ಅಂಥದ್ದಕ್ಕೆ ಮುಖ ಕತ್ತರಿಸಿ ಪ್ರಯೋಜನವಿಲ್ಲ. ಆರ್ಗನ್ ವೆಲ್ಡಿಂಗ್ ಮಾಡಿ ಹೊಸದಾಗಿ ಕೆತ್ತಬೇಕಾಗುತ್ತದೆ, ಅಷ್ಟು ಖರ್ಚಿಗೆ ಬೇರೆ ಹೆಡ್ಡೇ ಬರುತ್ತದೆ. ಹಾಗೇ ಉಳಿಸಿಕೊಂಡು, ರೇಷಿಯೋ ಏಳೂವರೆ ದಾಟಿಸದೆ ಓಡಿಸಿ.

ಬೋರ್ ಮಾಡಿಸಿದ್ಮೇಲೆ ನಾಕಿಂಗ್ ಶುರುವಾಯ್ತು. ಹೆಡ್ ಮುಟ್ಟೇ ಇಲ್ಲ!

ಇದಕ್ಕೆ ಕಾರಣ ಹೆಚ್ಚಾಗಿ ಹೊಸ ಪಿಸ್ಟನ್. ಬೋರ್ ದೊಡ್ಡದಾದರೂ ರೇಷಿಯೋ ಒಂದಿಷ್ಟು ಏರುತ್ತದೆ: 66 ಮಿ.ಮೀ.ಗೆ ಹೋದರೆ ಪಿಸ್ಟನ್ ಓಡಾಡುವ ಜಾಗ 256.6 ಸಿಸಿ, 8 ಇದ್ದದ್ದು 8.2ರ ಹತ್ತಿರ. ಅಷ್ಟಕ್ಕೇ ನಾಕಿಂಗ್ ಬರಬಾರದು. ಈಗ ಮಾರುಕಟ್ಟೆಯಲ್ಲಿ ಸಿಗುವ ಪಿಸ್ಟನ್‌ಗಳಲ್ಲಿ ಗಜನ್ ಪಿನ್ನಿನಿಂದ ತಲೆಯವರೆಗಿನ ಎತ್ತರ ಒಂದೊಂದರಲ್ಲಿ ಒಂದೊಂದು ಥರ. ಒಂದು ಮಿ.ಮೀ. ಗಿಡ್ಡ ಬಂದರೆ ಸ್ಕ್ವಿಶ್ ಒಂದು ಮಿ.ಮೀ. ಅಗಲವಾಯಿತು, ಎತ್ತರ ಬಂದರೆ ರೇಷಿಯೋ ಮುಕ್ಕಾಲು ಏರಿತು. ತಲೆಯ ಉಬ್ಬೂ ಬದಲಾಗಿರಬಹುದು. ಹಳೇ ಪಿಸ್ಟನ್ ಬಿಸಾಡಬೇಡಿ. ಹೊಸದರ ಪಕ್ಕ ನಿಲ್ಲಿಸಿ, ಎರಡಕ್ಕೂ ಒಂದೇ ಗಜನ್ ಪಿನ್ ತೂರಿಸಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಕಂಪ್ರೆಷನ್ ಗೇಜಲ್ಲಿ 120 ಬಂತು. ಅಂದ್ರೆ ರೇಷಿಯೋ ಎಷ್ಟು?

ಗೇಜಿನಿಂದ ರೇಷಿಯೋ ಹೇಳಲಾಗದು. ಎಷ್ಟು ಜೋರಾಗಿ ಕಿಕ್ ಹೊಡೆದಿರಿ, ಥ್ರಾಟಲ್ ಪೂರ್ತಿ ತೆರೆದಿತ್ತೇ, ರಿಂಗ್ ಹೇಗಿದೆ, ಗೇಜಿನ ಪೈಪ್ ಎಷ್ಟುದ್ದ, ಎಲ್ಲದರ ಮೇಲೂ ಆ ಅಂಕಿ ನಿಂತಿದೆ. ನಿಮ್ಮದೇ ಗಾಡಿಯ ಈ ವರ್ಷದ ಅಂಕಿಯನ್ನು ಹೋದ ವರ್ಷದ್ದಕ್ಕೆ ಹೋಲಿಸಲು ಗೇಜ್ ಒಳ್ಳೆಯದು, ಅಷ್ಟೇ.

## ಪೆಟ್ರೋಲು, ಊರು, ರಸ್ತೆ

ಸೀಸ ಇಲ್ಲದ ಪೆಟ್ರೋಲ್ ಹಾಕಿದ್ರೆ ಹಳೇ ಹೆಡ್ ಹಾಳಾಗುತ್ತಾ?

ಇಲ್ಲ. ಸವೆತ ತಡೆಯಲು ಸೀಸ ಬೇಕಾಗಿದ್ದದ್ದು ಫೋರ್ ಸ್ಟ್ರೋಕಿನ ವಾಲ್ವ್ ಸೀಟಿಗೆ. ಟೂ ಸ್ಟ್ರೋಕ್ ಹೆಡ್ಡಿನಲ್ಲಿ ವಾಲ್ವೇ ಇಲ್ಲ. 2000ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು, ಆಮೇಲೂ ನಮ್ಮ ಗಾಡಿಗಳು ಓಡುತ್ತಲೇ ಇವೆ.

ಈಗ ಬಂಕಲ್ಲಿ ಬರೋದೆಲ್ಲಾ ಇ20. ಹೆಡ್ ಬದಲಾಯಿಸಬೇಕಾ?

ಹೆಡ್ ಬದಲಾಯಿಸಬೇಕಿಲ್ಲ. ಇ20 ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿಗೆ ನಾಕಿಂಗ್ ತಡೆಯುವ ಶಕ್ತಿ ಚೆನ್ನಾಗಿದೆ. ಹಿಂದಿನ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ (ಆ ಶಕ್ತಿಯನ್ನು ಹೇಳುವ ಅಂಕಿ) 91 ಇದ್ದರೆ, ಇ20ಕ್ಕೆ ನಿಗದಿಯಾದದ್ದು 95. ನಮ್ಮ ಗಾಡಿಗಳು ಹೊಸದಾಗಿದ್ದಾಗ ಸಿಗುತ್ತಿದ್ದ 87ರ ಪೆಟ್ರೋಲಿಗೆ ಹೋಲಿಸಿದರೆ ಎರಡೂ ಎಷ್ಟೋ ಮೇಲು.

ತೊಂದರೆ ಇರುವುದು ಬೇರೆ ಕಡೆ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಕಾರ್ಬುರೇಟರಿನ ಅದೇ ಜೆಟ್ಟಿನಲ್ಲಿ (ಪೆಟ್ರೋಲ್ ಹರಿಯುವ ಸಣ್ಣ ತೂತು) ಇ20 ಹರಿಸಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತದೆ. ನೂರಕ್ಕೆ ಏಳೆಂಟರಷ್ಟು ಹೆಚ್ಚು ಹರಿಯಬೇಕು. ಇದನ್ನು ಸರಿಪಡಿಸದೆ ಹೆಡ್ಡಿಗೆ ಕೈಹಾಕಿದವರು ಪಿಸ್ಟನ್ ಸೀಜ್ ಮಾಡಿಕೊಂಡಿದ್ದಾರೆ. ಮೊದಲು ಮೇನ್ ಜೆಟ್ ಒಂದು ಸೈಜ್ ಏರಿಸಿ, ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ ನೋಡಿ. ಪೆಟ್ರೋಲ್ ಪೈಪು, ಟ್ಯಾಪಿನ ವಾಷರ್ ಹಳೇ ರಬ್ಬರಿನವಾಗಿದ್ದರೆ ಮೆತ್ತಗಾಗಿ ಉಬ್ಬುತ್ತವೆ, ಬದಲಿಸಿ. ಎಥನಾಲ್ ನೀರು ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡಿ. ಮಂಡ್ಯದವರಿಗೆ ಎಥನಾಲ್ ಹೊಸ ಮಾತೇನಲ್ಲ. ಕಬ್ಬಿನ ಕಾಕಂಬಿಯಿಂದ ಬರುವ ಅದು ಈಗ ನಮ್ಮ ಸಿಲಿಂಡರಿಗೇ ಬಂದು ಸೇರಿದೆ.

ಮೈಸೂರಲ್ಲಿ ಚೆನ್ನಾಗಿದ್ದ ಗಾಡಿ ಮಂಗಳೂರಿಗೆ ಹೋದಾಗ ಯಾಕೆ ಕಿಣಿಕಿಣಿ ಅನ್ನುತ್ತೆ?

ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಮೇಲಿದೆ. ಇಲ್ಲಿಯ ಗಾಳಿಯ ಒತ್ತಡ ಕಡಲ ದಂಡೆಗಿಂತ ನೂರಕ್ಕೆ ಒಂಬತ್ತು ಕಡಿಮೆ. ಅಂದರೆ ಸಿಲಿಂಡರಿಗೆ ಬೀಳುವ ಗಾಳಿಯೂ ಕಡಿಮೆ, ಒತ್ತಿದಾಗ ಏಳುವ ಒತ್ತಡವೂ ಕಡಿಮೆ. ಇಲ್ಲಿ ಸದ್ದಿಲ್ಲದೆ ಓಡಿದ ಹೆಡ್ಡಿಗೆ ಕರಾವಳಿಯಲ್ಲಿ ಪೂರ್ತಿ ಗಾಳಿ ಸಿಗುತ್ತದೆ. ಜೊತೆಗೆ ಮೈಸೂರಿಗೆ ಹೊಂದಿಸಿದ ಜೆಟ್ಟಿಗೆ ಅಲ್ಲಿಯ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲದೆ ಹೋಗುತ್ತದೆ, ಸೆಖೆ ಬೇರೆ.

ಇದನ್ನು ನಾನು ಕಲಿತದ್ದು ರಸ್ತೆಯಲ್ಲೇ. ಒಂದು ಲೇತ್ ಶಾಪಿಗೆ ನನ್ನ ರೋಡ್‌ಕಿಂಗ್ ಹೆಡ್ ಕೊಟ್ಟು "ಸ್ವಲ್ಪ ಫೇಸಿಂಗ್ ಮಾಡಿ" ಎಂದು ಹೇಳಿ ಬಂದಿದ್ದೆ. ಅವರು ಒಂದೂವರೆ ಮಿ.ಮೀ. ತೆಗೆದಿದ್ದರು. ನಾನು ಅಳೆಯಲಿಲ್ಲ. ಮೈಸೂರಿನಲ್ಲಿ ಗಾಡಿ ಹಾರುತ್ತಿತ್ತು, ಬೆಟ್ಟಕ್ಕೆ ಹೋಗಿ ಬಂದರೂ ಸದ್ದಿಲ್ಲ. ಎರಡು ವಾರ ಬಿಟ್ಟು ಮಡಿಕೇರಿ ಮೇಲೆ ಹೊರಟೆ. ಸಂಪಾಜೆ ಇಳಿದು ಸುಳ್ಯ ದಾಟಿದ ಮೇಲೆ ಏರುಗಳಲ್ಲಿ ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಶುರುವಾಯಿತು. ಪುತ್ತೂರು ದಾಟಿ ಮಾಣಿ ಹತ್ತಿರ ಬರುವಾಗ ಎಂಜಿನ್ ಒಮ್ಮೆಲೇ ಸೊರಗಿ ನಿಂತಿತು. ಪ್ಲಗ್ ಬಿಚ್ಚಿದರೆ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಹನಿಗಳು ಮುತ್ತಿನ ಹಾಗೆ ಅಂಟಿದ್ದವು. ಪಿಸ್ಟನ್ ತಲೆಯಲ್ಲಿ ಕಡಲೆಕಾಳು ಹೋಗುವಷ್ಟು ತೂತು. ಊರಿಗೆ ಬಂದು ಅಳೆದರೆ 30 ಸಿಸಿ ಉಳಿದಿತ್ತು. 9.3ರ ರೇಷಿಯೋ.

ಕರಾವಳಿ ಕಡೆ ಹೋಗುವ ಗಾಡಿಯಾದರೆ ಮೈಸೂರಿನಲ್ಲಿ ತಡೆಯುವಷ್ಟಕ್ಕಿಂತ ಅರ್ಧ ಅಂಕಿ ಕಡಿಮೆ ಇಟ್ಟುಕೊಳ್ಳಿ.

ನಾಕಿಂಗ್ ಕಿವಿಗೆ ಗೊತ್ತಾಗದಿದ್ರೆ ಹೇಗೆ ಪತ್ತೆ ಹಚ್ಚೋದು?

ಯೆಜ್ಡಿ ಸೈಲೆನ್ಸರಿನ ಸದ್ದಿನಲ್ಲಿ, ಹೆಲ್ಮೆಟ್ ಒಳಗೆ, ಇದು ಕೇಳದೇ ಹೋಗಬಹುದು. ಎಳೆಸಿದ ತಕ್ಷಣ ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನಪುಡಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆ ಇದ್ದರೆ ನಾಕಿಂಗ್ ಶುರುವಾಗಿದೆ, ಹೊಳೆಯುವ ಬೆಳ್ಳಿ ಚುಕ್ಕೆ ಇದ್ದರೆ ಪಿಸ್ಟನ್ ಕರಗುತ್ತಿದೆ. ಎರಡನೆಯದು ಕಂಡರೆ ಗಾಡಿಯನ್ನು ಆಟೋಗೆ ಹಾಕಿಕೊಂಡು ಮನೆಗೆ ಬನ್ನಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಜಪಾನ್ ಟೂ ಸ್ಟ್ರೋಕ್ ಗಾಡಿಗಳ ಪುಸ್ತಕದಲ್ಲಿ ರೇಷಿಯೋ ಆರೂವರೆ ಅಂತಿರುತ್ತೆ. ಅವು ಅಷ್ಟು ಜೋರು ಓಡ್ತವಲ್ಲ, ಹೇಗೆ?

ಅಳೆಯುವ ಕ್ರಮವೇ ಬೇರೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನಿಂದ ಹೊರಟ ತಕ್ಷಣ ಒತ್ತುವುದಿಲ್ಲ. ಸೈಲೆನ್ಸರ್ ಬಾಗಿಲು ಮುಚ್ಚಿದ ಮೇಲಷ್ಟೇ ಒತ್ತುವಿಕೆ ಶುರು. ಜಪಾನಿನವರು ಅಲ್ಲಿಂದ ಲೆಕ್ಕ ಹಿಡಿಯುತ್ತಾರೆ, ಯುರೋಪಿನ ಹಳೇ ಕ್ರಮದಲ್ಲಿ ಪೂರ್ತಿ ಸ್ಟ್ರೋಕ್ ಲೆಕ್ಕ. ಈ ಬರಹದಲ್ಲಿ ಕೊಟ್ಟದ್ದೆಲ್ಲ ಪೂರ್ತಿ ಸ್ಟ್ರೋಕಿನದು.

ಉದಾಹರಣೆಗೆ, ಬಾಗಿಲು ಮುಚ್ಚಿದ ಮೇಲೆ 50 ಮಿ.ಮೀ. ಓಟ ಉಳಿದಿದ್ದರೆ ಆ ಜಾಗ 165.9 ಸಿಸಿ. ಮೇಲೆ 35.5 ಸಿಸಿ ಇದ್ದರೆ ಜಪಾನ್ ಲೆಕ್ಕದಲ್ಲಿ 5.7, ನಮ್ಮ ಲೆಕ್ಕದಲ್ಲಿ 8. ಪೋರ್ಟ್ ಎತ್ತರ ಮಾಡಿಸಿದ ಸಿಲಿಂಡರಿನಲ್ಲಿ ಒತ್ತುವ ಓಟ ಇನ್ನೂ ಗಿಡ್ಡವಾಗುತ್ತದೆ, ಅಂಥದ್ದಕ್ಕೆ ಹೆಡ್ ಸ್ವಲ್ಪ ಬಿಗಿ ಬೇಕು. ಪೋರ್ಟ್ ಮುಟ್ಟದ ಸಿಲಿಂಡರಿಗೆ ಆ ಹೆಡ್ ತಂದು ಹಾಕಿದರೆ ಒತ್ತಡ ಅತಿಯಾಗುತ್ತದೆ. ಪೋರ್ಟಿಂಗ್ ಮಾಡಿದ ಗಾಡಿಯ ಹೆಡ್ ಮಾರಾಟಕ್ಕೆ ಬಂದರೆ ಇದನ್ನು ಕೇಳಿ ತಿಳಿದುಕೊಳ್ಳಿ.

ಹೆಡ್ ಬಿಗಿ ಮಾಡಿದ್ಮೇಲೆ ಟೈಮಿಂಗ್, ಪ್ಲಗ್ ಬದಲಾಯಿಸಬೇಕಾ?

ಬೇಕು. ಒತ್ತಡ ಹೆಚ್ಚಾದರೆ ಬೆಂಕಿ ಬೇಗ ಹರಡುತ್ತದೆ, ಕಿಡಿ ಮೊದಲಿನಷ್ಟು ಮುಂಚೆ ಬೇಕಿಲ್ಲ. ರೇಷಿಯೋ ಅರ್ಧ ಅಂಕಿಯಷ್ಟು ಏರಿಸಿದ್ದರೆ ಟೈಮಿಂಗನ್ನು (ಕಿಡಿ ಬೀಳುವಾಗ ಪಿಸ್ಟನ್ ತುತ್ತತುದಿಗಿಂತ ಎಷ್ಟು ಮಿ.ಮೀ. ಕೆಳಗಿದೆ ಎಂಬ ಲೆಕ್ಕ) 0.2ರಿಂದ 0.3 ಮಿ.ಮೀ. ಹಿಂದಕ್ಕೆ ತಂದು ಶುರುಮಾಡಿ. ಡಯಲ್ ಗೇಜ್ ಪ್ಲಗ್ ತೂತಿಗೆ ಹಾಕಿ, ಪಾಯಿಂಟ್ (ಕಿಡಿ ಹೊಡೆಸುವ ಸ್ವಿಚ್ಚು) ಗ್ಯಾಪ್ ಮೊದಲು 0.4 ಮಿ.ಮೀ.ಗೆ ಇಟ್ಟುಕೊಂಡೇ ನೋಡಬೇಕು; ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಟೈಮಿಂಗ್ ಮುಂದಿದ್ದರೆ ನಿಮ್ಮ ಕಾಲೇ ಹೇಳುತ್ತದೆ: ಕಿಕ್ಕೂ ಗೇರೂ ಒಂದೇ ಆದ ಆ ಲಿವರ್ ಹಿಂದಕ್ಕೆ ಒದೆಯುತ್ತದೆ.

ಪ್ಲಗ್ ಒಂದು ಹೆಜ್ಜೆ ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು, ಹಾಕಿ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ತಣ್ಣಗೆ, ಬಾಷ್‌ನಲ್ಲಿ ಅಂಕಿ ಇಳಿದಷ್ಟೂ ತಣ್ಣಗೆ. ಇದನ್ನು ಅದಲು ಬದಲು ಮಾಡಿಕೊಂಡು ಇನ್ನೂ ಬಿಸಿ ಪ್ಲಗ್ ಹಾಕಿದವರು ಬಹಳ ಜನ.

ಯೆಜ್ಡಿ 350 ಟ್ವಿನ್‌ಗೆ ಒಂದು ಹೆಡ್ ಒಡೆದಿದೆ. ಒಂದೇ ಬದಲಾಯಿಸಲಾ?

ಬದಲಾಯಿಸಿ, ಆದರೆ ಎರಡರ ಸಿಸಿಯನ್ನೂ ಅಳೆದು ಸಮ ಮಾಡಿ. ಅದರಲ್ಲಿ ಒಂದೊಂದು ಸಿಲಿಂಡರ್ 58 ಬೋರ್, 65 ಸ್ಟ್ರೋಕ್, ಅಂದರೆ 171.7 ಸಿಸಿ. ರೇಷಿಯೋ 8ಕ್ಕೆ 24.5 ಸಿಸಿ ಉಳಿಯಬೇಕು. ಇನ್ನೊಂದು ಕಡೆ 26 ಇದ್ದರೆ ಅದು 7.6. ಐಡಲಿನಲ್ಲಿ ಗಾಡಿ ಒಂದು ಕಾಲು ಕುಂಟುತ್ತದೆ, ಟೈಮಿಂಗ್ ಎಷ್ಟು ಹೊಂದಿಸಿದರೂ ಕೂರುವುದಿಲ್ಲ. ಅರ್ಧ ಸಿಸಿಯೊಳಗೆ ತನ್ನಿ. ತೆಗೆಯುವುದು ಯಾವಾಗಲೂ ಬೋಗುಣಿ ಚಿಕ್ಕದಿರುವ ಹೆಡ್ಡಿನಿಂದ.

ಕಾರ್ಖಾನೆಯಿಂದ ಬಂದ ಹೆಡ್ಡನ್ನೇ ಕೆತ್ತಿಸಲಾ, ಇಲ್ಲ ಇನ್ನೊಂದು ತಂದು ಅದರ ಮೇಲೆ ಪ್ರಯೋಗ ಮಾಡಲಾ?

ಇನ್ನೊಂದು ತನ್ನಿ. ಯಾದವಗಿರಿಯಲ್ಲಿ ಎರಕವಾಗಿ, ಯಾರೂ ಕತ್ತರಿಸದೆ ಉಳಿದಿರುವ ಹೆಡ್‌ಗಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ. ಕತ್ತರಿಸಿದ ಒಂದು ಮಿ.ಮೀ.ಯನ್ನು ಯಾರೂ ವಾಪಸ್ ಕೊಡಲಾರರು. ನಿಮ್ಮ ಗಾಡಿಯ ಮೂಲ ಹೆಡ್ ಹಾಳಾಗದೆ ಇದ್ದರೆ ಬಿಚ್ಚಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಪ್ಲಗ್ ಥ್ರೆಡ್ ಹೋದದ್ದೋ ಫಿನ್ ಮುರಿದದ್ದೋ ಗುಜರಿಯಲ್ಲಿ ಸಿಕ್ಕಿದ್ದನ್ನು ರಿಪೇರಿ ಮಾಡಿಸಿ ಅದರ ಮೇಲೆ ಕೆಲಸ ಮಾಡಿಸಿ.

ಮೂಲ ಹೆಡ್ಡಿಗೆ ಬೇಕಾದದ್ದು ಇಷ್ಟೇ: ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಪೇಪರ್ ಇಟ್ಟು, ಸೀಮೆಎಣ್ಣೆ ಚಿಮುಕಿಸಿ, ಮುಖವನ್ನು ಎಂಟರ ಆಕಾರದಲ್ಲಿ ಉಜ್ಜುವುದು. ಎಲ್ಲ ಕಡೆ ಒಂದೇ ಬಣ್ಣ ಬಂದ ಕೂಡಲೇ ನಿಲ್ಲಿಸಿ. ಕೂರಿಸುವಾಗ ನಟ್‌ಗಳನ್ನು ಎದುರು ಬದುರು, ಮೂರು ಸುತ್ತಿನಲ್ಲಿ ಬಿಗಿಯಿರಿ. ಒಂದು ಸಲ ಓಡಿಸಿ, ರಾತ್ರಿಯೆಲ್ಲ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಬಿಗಿ ನೋಡಿ.

ಕೆಲಸ ಮಾಡಿಸಿದ ಹೆಡ್ಡಿನ ಮೇಲೆ, ಫಿನ್ನಿನ ಒಳಬದಿಯಲ್ಲಿ, ನಂಬರ್ ಪಂಚಿನಿಂದ ಉಳಿದ ಸಿಸಿ ಮತ್ತು ಸ್ಕ್ವಿಶ್ ಎರಡನ್ನೂ ಹೊಡೆಸಿಡಿ. ನನ್ನದರಲ್ಲಿ "34.5 – 1.2" ಎಂದಿದೆ. ನಾಳೆ ಆ ಗಾಡಿ ಯಾರ ಕೈಗೆ ಹೋದರೂ, ಅವರು ಹೆಡ್ ಬಿಚ್ಚಿ ಲೇತಿಗೆ ಕೊಡುವ ಮೊದಲು ಅದು ಕಣ್ಣಿಗೆ ಬೀಳುತ್ತದೆ.